ಹವಾಯಿ ಎಂದರೆ ಬೆಂಕಿ ಕುಣಿತವಷ್ಟೇ ಅಲ್ಲ

ಮಾನ್ಯ ಸಂಪಾದಕರೇ,

ಪ್ರವಾಸ ಪುರವಣಿಗಳಲ್ಲಿ ಹವಾಯಿ ಎಂದೊಡನೆ ಬೀಚು, ಹೂಮಾಲೆ, ಬೆಂಕಿ ಕತ್ತಿ ತಿರುಗಿಸುವ ಕುಣಿತದ ಚಿತ್ರ ಬರುತ್ತದೆ. ಆ ಕುಣಿತ ಹವಾಯಿಯದಲ್ಲ, ಪೆಸಿಫಿಕ್ ಸಾಗರದ ಇನ್ನೊಂದು ದ್ವೀಪಸಮೂಹವಾದ ಸಮೋವಾದ್ದು. ಸೊಂಟವನ್ನು ಬಿರುಸಾಗಿ ಕುಲುಕಿಸುವ ನೃತ್ಯ ಅದೇ ಸಾಗರದ ತಹೀತಿ ದ್ವೀಪದ್ದು. ಹವಾಯಿಯ ಹುಲಾ ನೃತ್ಯದಲ್ಲಿ ಹಾಡಿನ ಅರ್ಥ ಹೇಳುವುದು ಮುಖ್ಯವಾಗಿ ಕೈಗಳು. ಈ ವ್ಯತ್ಯಾಸಗಳನ್ನು ಮಕ್ಕಳಿಗೆ ಒಂದೇ ದಿನದಲ್ಲಿ ಕಣ್ಣಾರೆ ತೋರಿಸಲು ಹವಾಯಿಯ ಒವಾಹು ದ್ವೀಪದ ಲಾಯಿಯೆ ಊರಿನಲ್ಲಿ, ಈ ದ್ವೀಪಗಳ ಸಂಸ್ಕೃತಿಯನ್ನು ತೋರಿಸುವ ಪಾಲಿನೇಷ್ಯನ್ ಕಲ್ಚರಲ್ ಸೆಂಟರ್ ತಕ್ಕ ಜಾಗ. ಆದರೆ ಹೆಚ್ಚಿನ ಕುಟುಂಬಗಳ ಸಮಯ ಅಲ್ಲಿ ಓಡಾಟಕ್ಕೇ ಹೋಗುತ್ತದೆ.

1963ರಲ್ಲಿ ಮಾರ್ಮನ್ ಎಂಬ ಕ್ರೈಸ್ತ ಪಂಗಡದ ಚರ್ಚ್ ಆರಂಭಿಸಿದ ಕೇಂದ್ರವಿದು. 42 ಎಕರೆಯಲ್ಲಿ ಹವಾಯಿ, ಸಮೋವಾ, ಟೊಂಗಾ, ಫಿಜಿ, ತಹೀತಿ ಮತ್ತು ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿಗಳ ಆವೊಟೆಯರೋವಾ ಎಂಬ ಆರು ಮಾದರಿ ಹಳ್ಳಿಗಳಿವೆ. ಕೆಲಸ ಮಾಡುವವರಲ್ಲಿ ಬಹುಪಾಲು ಪಕ್ಕದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಎಷ್ಟೋ ಮಂದಿ ಆಯಾ ದ್ವೀಪಗಳಿಂದಲೇ ಬಂದವರು, ಕೇಳಿದರೆ ತಾಳ್ಮೆಯಿಂದ ವಿವರಿಸುತ್ತಾರೆ. ಭಾನುವಾರ ಬಾಗಿಲು ಹಾಕಿರುತ್ತದೆ. ಬುಧವಾರವೂ ಸಾಮಾನ್ಯವಾಗಿ ರಜೆ. ಪ್ರವಾಸಿಗರು ಹೆಚ್ಚಾಗಿ ತಂಗುವ ಹೊನೊಲುಲುವಿನ ವೈಕಿಕಿಯಿಂದ ಸುಮಾರು 56 ಕಿ.ಮೀ., ಕಾರಿನಲ್ಲಿ ಒಂದು ಗಂಟೆಗೂ ಮೇಲೆ. ಮಧ್ಯಾಹ್ನ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಬೇಕು, ಏಕೆಂದರೆ ಹಳ್ಳಿಗಳು ಸಂಜೆಗೆಲ್ಲ ಮುಗಿದುಬಿಡುತ್ತವೆ. ಆರನ್ನೂ ಮುಟ್ಟಿ ಬರುವ ಹಟ ಬೇಡ. ಮೂರನ್ನು ಆರಿಸಿಕೊಂಡು ಕುಳಿತು ನೋಡಿ, ಕೈಯಾರೆ ಮಾಡಿ. ಉಳಿದವನ್ನು ಹಾದುಹೋದರೂ ಸಾಕು.

ಸಮೋವಾ ಹಳ್ಳಿಯನ್ನು ಮಾತ್ರ ಬಿಡಬೇಡಿ. ಅಲ್ಲಿ ದಾಸವಾಳ ಜಾತಿಯ ಒಣ ಮರದ ತುಂಡಿನ ಮೇಲೆ ಕಡ್ಡಿಯನ್ನು ಒತ್ತಿ, ಒಂದೇ ಗೀರಿನಲ್ಲಿ ಹಿಂದೆ ಮುಂದೆ ಉಜ್ಜಿ ಕಿಡಿ ಎಬ್ಬಿಸುತ್ತಾರೆ. ಗೀರಿನ ತುದಿಯಲ್ಲಿ ಗುಡ್ಡೆಯಾಗುವ ಕಪ್ಪು ಪುಡಿಯೇ ಮುಂದೆ ಕೆಂಡವಾಗುವುದು. ಹೊಗೆ ಕಂಡ ಕೂಡಲೇ ಕೈ ನಿಲ್ಲಿಸಿದರೆ ಅದು ಆರುತ್ತದೆ. ಕಡ್ಡಿ ತುದಿ ದಾಟಿದರೆ ಪುಡಿ ಚೆಲ್ಲಿಹೋಗುತ್ತದೆ. ಹೊಗೆ ಬಂದ ಮೇಲೆಯೇ ವೇಗ ಹೆಚ್ಚಬೇಕು. ಆ ಕೆಂಡವನ್ನು ತೆಂಗಿನ ನಾರಿನಲ್ಲಿ ಸುತ್ತಿ ಊದುತ್ತಾರೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ವಿಜ್ಞಾನ ಪಾಠ ಇನ್ನೊಂದಿಲ್ಲ.

ಲುವಾವು ಎಂಬ ಔತಣಕ್ಕೆ ಟಿಕೆಟ್ ಕೊಳ್ಳುವವರು ಇಮು ಎಂಬ ನೆಲದೊಲೆಯ ಬಗ್ಗೆ ತಿಳಿದಿದ್ದರೆ ಊಟದ ಮಹತ್ವ ಗೊತ್ತಾಗುತ್ತದೆ. ಗುಂಡಿಯಲ್ಲಿ ಸೌದೆ ಉರಿಸಿ ಲಾವಾ ಕಲ್ಲುಗಳನ್ನು ಕಾಯಿಸುತ್ತಾರೆ. ಕಲ್ಲು ತೂತುತೂತಾಗಿರಬೇಕು; ನೀರು ಹೀರಿದ ಹೊಳೆಗಲ್ಲು ಹಾಕಿದರೆ ಕಾವಿಗೆ ಸಿಡಿಯುತ್ತದೆ. ಅದರ ಮೇಲೆ ಜಜ್ಜಿದ ಬಾಳೆದಿಂಡು, ಟೀ (ಚಹಾ ಅಲ್ಲ, ಬೇರೆಯೇ ಗಿಡ) ಎಂಬ ಗಿಡದ ಎಲೆ, ಹಂದಿ, ಮತ್ತೆ ಎಲೆ, ಒದ್ದೆ ಗೋಣಿ, ಕೊನೆಗೆ ಮಣ್ಣು. ದಿಂಡಿನ ನೀರೇ ಹಬೆಯಾಗಿ ಗಂಟೆಗಟ್ಟಲೆ ಬೇಯಿಸುತ್ತದೆ. ಎಲ್ಲಾದರೂ ಹಬೆ ಸೋರಿದರೆ ಮಾಂಸ ಅರೆಬೆಂದು ಉಳಿಯುತ್ತದೆ. ಹೀಗಾಗಿ ಹಬೆ ಕಂಡಲ್ಲೆಲ್ಲ ಮಣ್ಣು ಮುಚ್ಚುತ್ತಾರೆ.

ಸಸ್ಯಾಹಾರಿಗಳು ಪೋಯ್ ತಿನ್ನಬಹುದು. ಕೆಸುವಿನ ಗೆಡ್ಡೆಯನ್ನು ಪೂರ್ತಿ ಬೇಯಿಸಿ, ಕಲ್ಲಿನಿಂದ ಕುಟ್ಟಿ, ನೀರು ಬೆರೆಸಿದ ಹಿಟ್ಟು ಅದು. ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದೆ. ತೆಂಗಿನ ಹಾಲಿನ ಹಾವ್ಪಿಯಾ ಸಿಹಿಯೂ ಇದೆ. ಆದರೆ ಎಲೆಯಲ್ಲಿ ಕಟ್ಟಿ ಬೇಯಿಸಿದ ಲಾವ್‌ಲಾವ್ ಸೊಪ್ಪಿನಂತೆ ಕಂಡರೂ ಒಳಗೆ ಮಾಂಸವಿರುತ್ತದೆ, ಕೇಳಿಯೇ ಬಡಿಸಿಕೊಳ್ಳಿ. ಮದ್ಯ ಅಲ್ಲಿ ಸಿಗುವುದಿಲ್ಲ.

ಒಂದು ವಿನಂತಿ. ಮಾವೊರಿಗಳ ಹಾಕಾ ಕುಣಿತವನ್ನು ನಾಲಿಗೆ ಚಾಚಿ ಅಣಕಿಸಿ ಫೋಟೊ ತೆಗೆಸಿಕೊಳ್ಳುವುದು ಬೇಡ. ಸ್ವಾಗತಕ್ಕೂ ಸಾವಿಗೂ ಗೌರವ ಸಲ್ಲಿಸಲು ಅವರು ಮಾಡುವ ಆಚರಣೆ ಅದು. ಕಲಿಸುತ್ತೇವೆ ಎಂದು ಅವರೇ ಕರೆದರೆ ಮನಸಾರೆ ಸೇರಿಕೊಳ್ಳಿ.

ದ್ವೀಪದ ಆ ಬದಿಯಲ್ಲಿ ದಿಢೀರ್ ಮಳೆ ಸಾಮಾನ್ಯ. ತೆಳು ಮಳೆಕೋಟು ಇರಲಿ. ಆಕ್ಸಿಬೆನ್‌ಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್‌ಗಳಿಂದ ಹವಳಕ್ಕೆ ಹಾನಿಯೆಂದು 2021ರಿಂದ ಹವಾಯಿಯಲ್ಲಿ ಅವುಗಳ ಮಾರಾಟ ನಿಷೇಧಿಸಿದ್ದಾರೆ. ಮನೆಯಿಂದ ಒಯ್ಯುವಾಗ ಜಿಂಕ್ ಆಕ್ಸೈಡ್‌ನದನ್ನು ಆರಿಸಿ. ರಾತ್ರಿಯ ಪ್ರದರ್ಶನ ಮುಗಿದ ಮೇಲೆ ಹಿಂದಿರುಗುವ ಕರಾವಳಿ ರಸ್ತೆ ಕಿರಿದು, ಕತ್ತಲೆಯದು. ಚಿಕ್ಕ ಮಕ್ಕಳಿದ್ದರೆ, ಇಡೀ ದಿನ ಸುತ್ತಿ ದಣಿದವರು ಕಾರು ಓಡಿಸುವ ಬದಲು ಕೇಂದ್ರದ ಬಸ್ಸಿನ ಸೀಟನ್ನು ಟಿಕೆಟ್ ಜೊತೆಯಲ್ಲೇ ಕಾದಿರಿಸುವುದು ಒಳ್ಳೆಯದು.

ಇತಿ,
ತಮ್ಮ ಓದುಗ