ಇಟಲಿ ಚಿತ್ರಗಳ ‘ಮೂಲ ಧ್ವನಿ’ ಯಾವುದು?

ಮಾನ್ಯ ಸಂಪಾದಕರೇ,

ಹಳೆಯ ಇಟಾಲಿಯನ್ ಕೌಬಾಯ್ ಚಿತ್ರಗಳ ಬಗ್ಗೆ ಭಾನುವಾರದ ಪುರವಣಿಯಲ್ಲಿ ಬಂದ ಲೇಖನಕ್ಕೆ ಈ ಪ್ರತಿಕ್ರಿಯೆ. ಇಂಗ್ಲಿಷ್ ಡಬ್ಬಿಂಗ್ ಚಿತ್ರವನ್ನು ಕೆಡಿಸುತ್ತದೆ, ಇಟಾಲಿಯನ್ ಮೂಲವನ್ನೇ ನೋಡಬೇಕು ಎಂದು ಲೇಖಕರು ಹೇಳಿದ್ದಾರೆ. ಆದರೆ 1960–70ರ ದಶಕದ ಇಟಲಿಯ ಕೌಬಾಯ್, ಕೊಲೆ ರಹಸ್ಯ ಮತ್ತು ದೆವ್ವದ ಚಿತ್ರಗಳಲ್ಲಿ ಬಹುಪಾಲಿಗೆ ಇಟಾಲಿಯನ್ ಮಾತೂ ಡಬ್ಬಿಂಗೇ. ಸೆಟ್‌ನಲ್ಲಿ ಅಮೆರಿಕದವರು, ಸ್ಪೇನಿನವರು, ಇಟಲಿಯವರು ಬಹಳ ಸಲ ಅವರವರ ಭಾಷೆಯಲ್ಲೇ ಮಾತಾಡುತ್ತಿದ್ದರು. ಅಲ್ಲಿ ಧ್ವನಿ ಮುದ್ರಿಸಿದರೂ ಅದು ಡಬ್ಬಿಂಗ್‌ಗೆ ದಾರಿ ತೋರಲು ಮಾತ್ರ.

ನಿರ್ದೇಶಕ ಸೆರ್ಜಿಯೊ ಲಿಯೋನೆಯ ಮೂರು ಕೌಬಾಯ್ ಚಿತ್ರಗಳ ‘ಡಾಲರ್’ ಸರಣಿಯನ್ನೇ ನೋಡಿ. ಇಂಗ್ಲಿಷಿನಲ್ಲಿ ಅಮೆರಿಕದ ನಾಯಕ ನಟ ಕ್ಲಿಂಟ್ ಈಸ್ಟ್‌ವುಡ್ ತಮ್ಮ ಮಾತನ್ನು ಸ್ಟುಡಿಯೊದಲ್ಲಿ ತಾವೇ ಮತ್ತೆ ಹೇಳಿದ್ದಾರೆ. ಇಟಾಲಿಯನ್‌ನಲ್ಲಿ ಕೇಳುವುದು ಇಟಲಿಯ ನಟ ಎನ್ರಿಕೊ ಮರಿಯ ಸಲೆರ್ನೊ ಅವರ ಕಂಠ. ಈಸ್ಟ್‌ವುಡ್ ಅವರ ಕ್ಲೋಸಪ್‌ನಲ್ಲಿ ತುಟಿಗೆ ಕೂಡುವುದು ಇಂಗ್ಲಿಷೇ.

ಈ ಪದ್ಧತಿಗೆ ಹಳೆಯ ಬೇರಿದೆ. 1930ರಲ್ಲಿ ಮುಸೊಲಿನಿ ಸರ್ಕಾರ ಪರಭಾಷೆಯ ಮಾತಿದ್ದ ಚಿತ್ರಗಳನ್ನು ನಿಷೇಧಿಸಿತು. ಹೀಗಾಗಿ ಅವಕ್ಕೆ ಇಟಾಲಿಯನ್ ಮಾತು ಕೂಡಿಸುವ ಡಬ್ಬಿಂಗ್ ಕಸುಬು ರೋಮ್‌ನಲ್ಲಿ ಬೆಳೆಯಿತು. ರೀಲನ್ನು ಚಿಕ್ಕ ತುಂಡು ಮಾಡಿ, ತುದಿಗೆ ತುದಿ ಅಂಟಿಸಿ, ಅದೇ ದೃಶ್ಯವನ್ನು ಸುತ್ತಿ ಸುತ್ತಿ ತೋರಿಸುತ್ತಿದ್ದರು. ಕಲಾವಿದರು ತುಟಿಯ ಓಟ ಹಿಡಿದು ಮಾತು ಕೂಡಿಸುತ್ತಿದ್ದರು. ಸೆಟ್‌ನಲ್ಲಿ ಮೌನ ಬೇಡವಾದ್ದರಿಂದ ಸದ್ದು ಮಾಡುವ ಕ್ಯಾಮೆರಾ ನಡೆಯುತ್ತಿತ್ತು, ಗಾಳಿಯ ಸದ್ದಿಗೆ ಶೂಟಿಂಗ್ ನಿಲ್ಲಿಸಬೇಕಿರಲಿಲ್ಲ.

ಸಂಡೂರು, ಹಂಪಿ ಕಡೆ ಬಂಡೆಗಳ ನಡುವೆ ಕಿರುಚಿತ್ರ ಮಾಡುವ ನಮ್ಮ ಹುಡುಗರಿಗೂ ಗಾಳಿಯೇ ಶತ್ರು. ‘ಆಮೇಲೆ ಡಬ್ ಮಾಡಿದರಾಯಿತು’ ಎನ್ನುವುದು ಸರಿಯೇ, ಆದರೆ ಡಬ್ಬಿಂಗ್ ತಯಾರಿ ಶೂಟಿಂಗ್ ದಿನವೇ ಆಗಬೇಕು. ಆಮೇಲೆ ಚಿತ್ರಕ್ಕೆ ಧ್ವನಿ ಹೊಂದಿಸಲು ಗುರುತಾಗುವಂತೆ ಪ್ರತಿ ಶಾಟ್‌ಗೂ ಕ್ಲಾಪ್ ಹೊಡೆಯಿರಿ. ಮೊಬೈಲಿನಲ್ಲಾದರೂ ಡಬ್ಬಿಂಗ್‌ಗೆ ದಾರಿ ತೋರುವ ಗೈಡ್ ಧ್ವನಿ ಹಿಡಿಯಿರಿ. ಅದಿಲ್ಲದಿದ್ದರೆ ನಟ ಸ್ಥಳದಲ್ಲಿ ಬದಲಿಸಿದ ಮಾತು ಯಾರಿಗೂ ನೆನಪಿರುವುದಿಲ್ಲ. ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನಿರಿಸಿ ಕನಿಷ್ಠ 30 ಸೆಕೆಂಡು ಬರೀ ವಾತಾವರಣದ ಸದ್ದು ಮುದ್ರಿಸಿ. ಮಾತಿನ ನಡುವಿನ ಖಾಲಿಯನ್ನು ತುಂಬುವುದು ಅದೇ. ಕ್ಯಾಮೆರಾ ಮತ್ತು ಎಡಿಟಿಂಗ್ ಎರಡರಲ್ಲೂ ಫ್ರೇಮ್ ದರ (ಸೆಕೆಂಡಿಗೆ ಓಡುವ ಬಿಡಿ ಚಿತ್ರಗಳ ಲೆಕ್ಕ) ಒಂದೇ ಇರಲಿ. 23.976ರ ಚಿತ್ರವನ್ನು 24ಕ್ಕೆ ಓಡಿಸಿ ಧ್ವನಿಯನ್ನು ಹಾಗೇ ಬಿಟ್ಟರೆ ಗಂಟೆಗೆ 3.6 ಸೆಕೆಂಡು ವ್ಯತ್ಯಾಸ ಬರುತ್ತದೆ.

ಸ್ಟುಡಿಯೊದಲ್ಲಿ ತುಟಿ ಮುಚ್ಚುವ ಪ, ಬ, ಮ ಅಕ್ಷರಗಳನ್ನು ಮೊದಲು ಕೂಡಿಸಿ. ತೆರೆಯ ಮೇಲಿನ ತುಟಿ ‘ಅಮ್ಮ’ ಎಂದಿದ್ದರೆ ಕ್ಲೋಸಪ್‌ನಲ್ಲಿ ನಮ್ಮ ಕಡೆಯ ‘ಅವ್ವ’ ಕೂಡುವುದಿಲ್ಲ. ಮುಖ ತಿರುಗಿದ್ದಾಗ ಮಾತ್ರ ಹೇಳಿಸಬಹುದು. ಮಾತು ತುಟಿಗಿಂತ ಒಂದು ಫ್ರೇಮ್ ಮೊದಲೇ ಬಂದರೂ ಸೂಕ್ಷ್ಮ ಕಣ್ಣಿಗೆ ಚುಚ್ಚುತ್ತದೆ, ಎರಡು ಫ್ರೇಮ್ ತಡವಾದರೆ ಅಷ್ಟಾಗಿ ತಿಳಿಯದು.

ಇಷ್ಟೆಲ್ಲ ಕೂಡಿದರೂ ಡಬ್ಬಿಂಗ್ ಬಯಲಾಗುವುದು ದೂರದ ಲೆಕ್ಕ ತಪ್ಪಿದಾಗ. ನಟ ಬೆಟ್ಟದ ತುದಿಯಲ್ಲಿ ನಿಂತಿರುತ್ತಾನೆ, ಮಾತು ಕಿವಿಯ ಪಕ್ಕದಲ್ಲಿ ಕೇಳುತ್ತದೆ. ಇಟಲಿಯ ಅಗ್ಗದ ಚಿತ್ರಗಳಲ್ಲೂ ಇದೇ ಕಾಡುವುದು. ಎಲ್ಲ ಶಾಟ್‌ಗೂ ಮೈಕಿಗೆ ಬಾಯಿ ಹಚ್ಚಿ ಹೇಳಿಸಬೇಡಿ. ದೂರದ ಶಾಟ್‌ಗೆ ಕಲಾವಿದರನ್ನು ಎರಡು ಹೆಜ್ಜೆ ಹಿಂದೆ ನಿಲ್ಲಿಸಿ, ದನಿ ಎತ್ತಿಸಿ. ಹೆಜ್ಜೆ ಸಪ್ಪಳ, ಬಟ್ಟೆ ಸರಿದ ಸದ್ದು ಬೇರೆಯಾಗಿ ಮುದ್ರಿಸಿ.

ನಗರದಲ್ಲಿ ಇಂಥ ಚಿತ್ರ ತೋರಿಸುವವರಲ್ಲಿ ಒಂದು ವಿನಂತಿ: ಯಾವ ಭಾಷೆಯ ಧ್ವನಿ ಎಂಬುದನ್ನು ಆಹ್ವಾನದಲ್ಲೇ ನಮೂದಿಸಿ. ಇಂಗ್ಲಿಷ್ ಧ್ವನಿಗೆ ಇಟಾಲಿಯನ್ ಸಂಭಾಷಣೆಯಿಂದ ಮಾಡಿದ ಸಬ್‌ಟೈಟಲ್ ಹಾಕಬೇಡಿ. ಎರಡರ ಸಂಭಾಷಣೆ ಹಲವೆಡೆ ಬೇರೆ ಬೇರೆ.

– ಒಬ್ಬ ಧ್ವನಿಮುದ್ರಕ, ಕೌಲ್ ಬಜಾರ್, ಬಳ್ಳಾರಿ