ರಸವಾದಿಯನ್ನು ನೋಡಿ ನಗುವ ಮೊದಲು

ಪ್ರೀತಿಯ ತಂಗೀ,

ಕಥೆ ಓದಿದೆ. ಕಾಗುಣಿತದ ಚಿಂತೆ ಬಿಡು, ಕರಡು ತಿದ್ದುವವರಿದ್ದಾರೆ. "ಇನ್ನು ಬರೆಯುವುದಿಲ್ಲ" ಎಂಬ ನಿನ್ನ ಶಪಥವನ್ನೂ ನಾನು ನಂಬಿಲ್ಲ. ಸಿಟ್ಟು ಬಂದದ್ದು ಬೇರೆಯದಕ್ಕೆ. ಹದಿನೇಳನೆಯ ಶತಮಾನದ ಡಚ್ ಪಟ್ಟಣ ಹಾರ್ಲೆಮಿನಿಂದ, ಲೋಹವನ್ನು ಚಿನ್ನ ಮಾಡಹೊರಟ ರಸವಾದಿಯನ್ನು ಕಥೆಗೆ ಕರೆತಂದು, ಅವನು ಬಾಯಿ ತೆರೆಯುವ ಮೊದಲೇ ಮೂರ್ಖನೆಂದು ಸಾರಿಬಿಟ್ಟಿದ್ದೀಯೆ.

ಆ ತೀರ್ಪು ನಿನ್ನದಲ್ಲ, ಎರವಲಿನದು. 1558ರಲ್ಲಿ ಪೀಟರ್ ಬ್ರೂಗೆಲ್ ಒಂದು ರೇಖಾಚಿತ್ರ ಬರೆದ. ಅದು ಅಚ್ಚಾಗಿ ಹರಡಿತು. ರಸವಾದಿ ಕೊನೆಯ ನಾಣ್ಯವನ್ನು ಮೂಸೆಗೆ ಹಾಕುತ್ತಿದ್ದಾನೆ. ಹೆಂಡತಿಯ ಕೈಯಲ್ಲಿ ಬರಿದಾದ ಹಣದ ಚೀಲ. ಮಕ್ಕಳು ಖಾಲಿ ಕಪಾಟು ಹತ್ತಿದ್ದಾರೆ, ಒಬ್ಬನ ತಲೆಗೆ ಪಾತ್ರೆಯೇ ಟೋಪಿ. ಕಿಟಕಿಯಾಚೆ ಅದೇ ಸಂಸಾರ ಬಡವರ ಆಶ್ರಯಧಾಮದತ್ತ ನಡೆದಿದೆ. ನೂರು ವರ್ಷ ಕಳೆದರೂ ಗೇಲಿ ನಿಲ್ಲಲಿಲ್ಲ. ಆಡ್ರಿಯಾನ್ ವಾನ್ ಒಸ್ಟಾಡೆ 1661ರ ತನ್ನ ಚಿತ್ರದಲ್ಲಿ, ಎಣ್ಣೆಯೂ ದುಡಿಮೆಯೂ ವ್ಯರ್ಥ ಎಂಬ ಲ್ಯಾಟಿನ್ ಚೀಟಿಯೊಂದನ್ನು ಇಟ್ಟ. ಆದರೂ ಅವನ ಕಣ್ಣು ಎಲ್ಲೆಲ್ಲಿ ಸುತ್ತಾಡಿದೆ ನೋಡು! ಚೆಲ್ಲಾಪಿಲ್ಲಿ ಬಿದ್ದ ಮಡಕೆಕುಡಿಕೆಗಳ ಮೇಲೆ, ಹಿಂದೆ ಮಗುವಿನ ಅಂಡು ಒರೆಸುತ್ತಿರುವ ತಾಯಿಯ ಮೇಲೆ. ಆ ಚೀಟಿಯನ್ನು ಅಳಿಸಿದರೂ ಚಿತ್ರ ಬದುಕುತ್ತದೆ. ನಿನ್ನ ಕಥೆಯಿಂದ ಚೀಟಿ ತೆಗೆದರೆ ಏನು ಉಳಿಯುತ್ತದೆ?

ಹಾರ್ಲೆಮಿನವನೇ ಆದ ಥಾಮಸ್ ವೈಕ್‌ನ ಚಿತ್ರಗಳನ್ನು ನೀನು ನೋಡಿದಂತಿಲ್ಲ. ಅವನ ರಸವಾದಿ ಪುಸ್ತಕ, ಪಾತ್ರೆಗಳ ರಾಶಿಯ ನಡುವೆ ತನ್ನ ಪಾಡಿಗೆ ಕೆಲಸದಲ್ಲಿರುತ್ತಾನೆ. ಮನೆಯವರು ಅಲ್ಲೇ ತಮ್ಮ ಕೆಲಸದಲ್ಲಿರುತ್ತಾರೆ. ಯಾರೂ ಹಾಳಾಗಿಲ್ಲ, ಯಾರೂ ಉದ್ಧಾರವಾಗಿಲ್ಲ. ಇನ್ನೊಂದು ಮಾತು: ರಸವಾದಿಯನ್ನು ಹಾಸ್ಯ ಮಾಡಿದ ಕಲಾವಿದರ ಬಣ್ಣದ ಹಲಗೆಯ ಮೇಲೂ ಇಂಗಳೀಕದ ಕೆಂಪು ಇತ್ತು. ಪಾದರಸ, ಗಂಧಕ ಕೂಡಿಸಿ ಬೆಂಕಿಯಲ್ಲಿ ಅದನ್ನು ಪಡೆಯುವುದು ಹಳೆಯ ರಸವಾದಿಗಳ ವಿದ್ಯೆಯೇ. ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರಯೋಗಾಲಯ ನಡೆಸಿದ ರಸಾಯನಜ್ಞ ಗ್ಲೌಬರ್‌ನ ಹೆಸರಿನ ಲವಣ ಇಂದಿಗೂ ಇದೆ. ಲೋಹವನ್ನು ಚಿನ್ನ ಮಾಡಬಹುದೆಂದು ಅವನೂ ನಂಬಿದ್ದ. ಅವನನ್ನು ಯಾವ ಪಂಕ್ತಿಯಲ್ಲಿ ಕೂರಿಸುತ್ತೀಯೆ?

ನಾನು ಬರೆಯಲು ತೊಡಗಿದಾಗ ಒಬ್ಬ ಸಂಪಾದಕರಿದ್ದರು. ಪ್ರತಿ ಕಥೆಗೂ "ಸಂದೇಶವೇನು?" ಎಂದು ಕೇಳುತ್ತಿದ್ದರು. ಸಿಗದಿದ್ದರೆ ತಾವೇ ಕೊನೆಗೆ ಒಂದು ಸಾಲು ಸೇರಿಸಿ ಅಚ್ಚು ಹಾಕುತ್ತಿದ್ದರು. ನನ್ನ ಹೆಸರಿನ ಕೆಳಗೆ ಅವರ ಉಪದೇಶ! ಅವರು ತೀರಿಕೊಂಡು ಎಷ್ಟೋ ಕಾಲವಾಯಿತು, ನನ್ನ ಕೋಪ ಮಾತ್ರ ಗಟ್ಟಿಮುಟ್ಟಾಗಿದೆ. ನೀನಾದರೋ ಅವರ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಿದ್ದೀಯೆ.

ಆದರೆ ತಂಗೀ, ಗಂಡನ ಕುಲುಮೆಗೆ ಬೀಳದಂತೆ ರಸವಾದಿಯ ಹೆಂಡತಿ ಪೀಟ್ ಹೆಂಟೆಗಳನ್ನು, ಅಂದರೆ ಉರುವಲಿಗೆ ಒಣಗಿಸಿದ ಜೌಗುಮಣ್ಣನ್ನು, ಹಾಸಿಗೆಯಡಿ ಬಚ್ಚಿಡುವ ಭಾಗವಿದೆಯಲ್ಲ, ಅದನ್ನು ಎರಡು ಸಲ ಓದಿದೆ. ಅಲ್ಲಿ ನೀನು ಯಾರನ್ನೂ ಬೈದಿಲ್ಲ. ರಾತ್ರಿ ಚಳಿಗೆ ಅವನೇ ಅವುಗಳನ್ನು ತೆಗೆದು ಮಕ್ಕಳ ಬಳಿ ಉರಿಸುತ್ತಾನೋ, ಮೂಸೆಯ ಕೆಳಗೆ ತುಂಬುತ್ತಾನೋ ಎಂಬುದನ್ನು ಬರೆಯದೆ ಮುಂದೆ ಓಡಿದ್ದೀಯೆ. ಕಥೆ ಅಲ್ಲಿಂದಲೇ ಶುರುವಾಗಲಿ. ಮೊದಲಿನ ಪುಟಗಳನ್ನು ಹರಿದುಹಾಕು. ಹೊಸದನ್ನು ಯುಗಾದಿಯೊಳಗೆ ಕಳಿಸು, ಈ ಸಲ ಅಕ್ಷರ ಸ್ವಲ್ಪ ದೊಡ್ಡದಿರಲಿ.

ಆಶೀರ್ವಾದಗಳೊಂದಿಗೆ,
ನಿನ್ನ ಅಣ್ಣ