ಮೂರೂವರೆಯಿಂದ ಏಳರವರೆಗೆ

ಮಂಡ್ಯ, ಸುಭಾಷ್ ನಗರ
ದಸರಾ ರಜೆ, ಮಧ್ಯಾಹ್ನ

ಗೆಳೆಯಾ,

ಮೊನ್ನೆ ಮೈಸೂರಿನಲ್ಲಿ ನಿನ್ನ ಮನೆಯಿಂದ ಹೊರಟಾಗ ಒಂದು ಮಾತು ಗಂಟಲಲ್ಲೇ ಉಳಿಯಿತು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳುವಂಥದ್ದಲ್ಲ ಅಂತ ಸುಮ್ಮನಾದೆ. ಇಲ್ಲಿ ಅಮ್ಮನ ಮನೆಯಲ್ಲಿ ಈಗ ಕರೆಂಟಿಲ್ಲ. ಮಗಳು ಅಜ್ಜಿಯ ಸೆರಗು ಹಿಡಿದುಕೊಂಡು ಮಲಗಿದ್ದಾಳೆ. ಕೂತು ಬರೆಯುತ್ತಿದ್ದೇನೆ.

ನೀನೊಬ್ಬನೇ ಮಗನನ್ನು ಕಟ್ಟಿಕೊಂಡು ಹೊಸ ಕೆಲಸಕ್ಕೆ ಬೆಂಗಳೂರಿಗೆ ಹೋಗಲು ಕರೆಂಟ್ ಬಿಲ್ಲಿನ ಹಿಂದೆ ಹಾಕಿದ ಲೆಕ್ಕ ಇನ್ನೂ ಕಣ್ಣ ಮುಂದಿದೆ. ದೊಮ್ಮಲೂರಿನಲ್ಲಿ ಮನೆ, ಬಾಡಿಗೆ 28,000. ಅಡ್ವಾನ್ಸಿಗೆ ಪಿಎಫ್ ದುಡ್ಡು. ಸ್ಕೂಲ್ ಫೀಸು, ವ್ಯಾನು, ರೇಷನ್ನು, ಪೆಟ್ರೋಲು. ಕೆಳಗೆ ಎರಡು ಗೆರೆ ಎಳೆದು, "ಎಲ್ಲಾ ಕಳೆದು ಆರು ಸಾವಿರ ಉಳಿಯುತ್ತೆ ಕಣೇ" ಅಂದೆ. ಕೂಡಿ ಕಳೆದಿದ್ದರಲ್ಲಿ ತಪ್ಪಿಲ್ಲ, ನಾನೂ ನೋಡಿದೆ.

ಆದರೆ ನೀನು ಆ ಲೆಕ್ಕ ಬರೆಯುತ್ತಿದ್ದಾಗ ನಿನ್ನ ಮಗ ಎಲ್ಲಿದ್ದ ಹೇಳು?

ಪಕ್ಕದ ಮನೆ ಅಜ್ಜಿಯ ಗೊಂಬೆಗಳ ಮುಂದೆ. ಕರೆಯಲು ಹೋದವಳು ನಾನೇ ಅಲ್ವಾ. ಪಟ್ಟದ ಗೊಂಬೆಯ ಕಡೆ ಅವನಿಗೆ ಲಕ್ಷ್ಯವೇ ಇರಲಿಲ್ಲ, ಕೆಳಗಿನ ಮೆಟ್ಟಿಲಿನ ಶೆಟ್ಟರ ಅಂಗಡಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಬೆರಳು ಹಿಡಿಸುವಷ್ಟು ಬಟ್ಟಲುಗಳಲ್ಲಿ ಅಕ್ಕಿ, ತೊಗರಿಬೇಳೆ, ಹೆಸರುಕಾಳು. ಒಂದು ಬಟ್ಟಲು ಮಾತ್ರ ಖಾಲಿ. "ಅದು ಕಲ್ಲುಸಕ್ಕರೆದು. ದಿನಾ ತುಂಬಿಸ್ತೀನಿ, ದಿನಾ ವ್ಯಾಪಾರ ಆಗೋಗುತ್ತೆ" ಅಂದರು ಅಜ್ಜಿ. ಊಟವೂ ಅಲ್ಲೇ ಮುಗಿದಿತ್ತು. ನಿನಗದು ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೂ ಏನೂ ಕೆಡಲಿಲ್ಲ. ಆ ಅಜ್ಜಿಗೆ ತಿಂಗಳಿಗೆ ಎಷ್ಟು ಕೊಡುತ್ತೀಯ ನೀನು?

ಮೂರು ವರ್ಷದ ಹಿಂದೆ ನಾನೂ ಇದೇ ಥರ ಲೆಕ್ಕ ಹಾಕಿಕೊಂಡು ಹೊರಟವಳು. ಮಗಳು ಆಗ ಒಂದನೇ ಕ್ಲಾಸು. ಶಾಲೆ ಬಿಡುವುದು ಮೂರೂವರೆಗೆ, ನಾನು ಮನೆ ಮುಟ್ಟುವುದು ಏಳಕ್ಕೆ. ನಡುವಿನ ಮೂರೂವರೆ ಗಂಟೆಗೆ ಬೆಂಗಳೂರಿನಲ್ಲಿ ರೇಟಿದೆ ಅಂತ ಹೋದ ಮೇಲೆ ಗೊತ್ತಾಯಿತು. ಡೇ ಕೇರ್‌ಗೆ ತಿಂಗಳಿಗೆ 9,000. ಅದು ಮುಚ್ಚುವುದು ಆರೂವರೆಗೆ. ಆಮೇಲೆ ಅರ್ಧ ಗಂಟೆಗೆ 200 ದಂಡ. ಮೊದಲ ತಿಂಗಳು ದಂಡವೇ ಎರಡು ಸಾವಿರ ದಾಟಿತು.

ದುಡ್ಡಿನ ಮಾತು ಬಿಡು. ಒಂದು ದಿನ ಜೋರು ಮಳೆ. ಶಾಲೆಯವರು ಹನ್ನೆರಡಕ್ಕೇ ಮಕ್ಕಳನ್ನು ಬಿಟ್ಟರು. ಮೆಸೇಜು ಬಂದಿದ್ದು 11.40ಕ್ಕೆ, ನಾನು ಮೀಟಿಂಗ್ ಮುಗಿಸಿ ನೋಡಿದ್ದು ಒಂದಕ್ಕೆ. ಡೇ ಕೇರ್‌ನ ಗಾಡಿ ಬರುವುದು ಮೂರೂವರೆಗೆ ತಾನೇ? ಆಟೋ ಸಿಕ್ಕಿ, ನೀರು ನಿಂತ ರಸ್ತೆ ದಾಟಿ ಹೋಗುವಷ್ಟರಲ್ಲಿ ಎರಡೂಕಾಲು. ಗೇಟಿನ ಹತ್ತಿರ ವಾಚ್‌ಮನ್‌ನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಬ್ಯಾಗ್ ಬೆನ್ನ ಮೇಲೇ ಇತ್ತು, ಇಳಿಸಿರಲಿಲ್ಲ. ಕೈಯಲ್ಲಿ ಅವರೇ ಕೊಟ್ಟ ಎರಡು ಬಿಸ್ಕತ್ತು, ತಿನ್ನದೆ ಹಿಡಿದುಕೊಂಡಿದ್ದಳು. ಅಳಲಿಲ್ಲ ಕಣೋ. "ಅಮ್ಮಾ, ಇವತ್ತು ಬೇಗ ಬಂದೆಯಲ್ಲಾ" ಅಂದಳು.

ಅವತ್ತು ರಾತ್ರಿ ಮಂಡ್ಯಕ್ಕೆ ಫೋನು ಮಾಡಿ ಅತ್ತಿದ್ದು ನಾನು.

ಅದಕ್ಕೇ ಹೇಳುತ್ತಿದ್ದೇನೆ, ಮೊದಲು ಆ ಮೂರೂವರೆ ಗಂಟೆಯನ್ನು ಇತ್ಯರ್ಥ ಮಾಡು, ಮನೆ ಆಮೇಲೆ. ಕೆಲಸ ಒಪ್ಪಿಕೊಳ್ಳುವ ಮುಂಚೆ ಎಚ್‌ಆರ್‌ನವರನ್ನು ಬಾಯಿಬಿಟ್ಟು ಕೇಳು: ಮನೆಯಿಂದ ಕೆಲಸ ವಾರಕ್ಕೆ ಎಷ್ಟು ದಿನ, ಮಕ್ಕಳನ್ನು ನೋಡಿಕೊಳ್ಳುವ ಕ್ರೆಶ್ ಇದೆಯಾ. 50 ಜನ ಅಥವಾ ಜಾಸ್ತಿ ಕೆಲಸ ಮಾಡುವ ಕಡೆ ಕ್ರೆಶ್ ಇರಬೇಕು ಅಂತ 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಲ್ಲಿ ಬಂತು. ಆದರೆ ಅದನ್ನು ಬರೆದವರ ಮನಸ್ಸಿನಲ್ಲಿದ್ದದ್ದು ತಾಯಿ. ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಿಬರಬಹುದು ಅಂತ ಇರುವುದೂ ಅವಳಿಗೇ. ಅಪ್ಪನ ಮಗುವನ್ನೂ ಸೇರಿಸಿಕೊಳ್ಳುತ್ತಾರಾ ಅಂತ ನೀನೇ ಕೇಳಬೇಕು. ಇನ್ನೊಂದು ವಿಷಯ. ಕ್ಲಾಸಿನ ವಾಟ್ಸಾಪ್ ಗುಂಪಿಗೆ "ಮಮ್ಮೀಸ್" ಅಂತಲೋ ಏನೋ ಹೆಸರಿರುತ್ತದೆ. ನಾಚಿಕೊಳ್ಳದೆ ಸೇರಿಕೋ. ಶಾಲೆ ಹನ್ನೆರಡಕ್ಕೆ ಬಿಡುತ್ತದೆ ಅನ್ನುವುದು ಎಲ್ಲರಿಗಿಂತ ಮುಂಚೆ ಗೊತ್ತಾಗುವುದು ಅಲ್ಲೇ.

ಮನೆ ಹುಡುಕುವಾಗ ಅಡ್ವಾನ್ಸಿಗಿಂತ ಪ್ರಶ್ನೆಗಳಿಗೆ ತಯಾರಾಗು. "ಯಜಮಾನ್ರು ಯಾವಾಗ ಬರ್ತಾರೆ?" ಅಂತ ನನ್ನನ್ನು ನಾಲ್ಕು ಮನೆಯವರು ಕೇಳಿದರು. ಬರಲ್ಲ ಅಂದ ಮೇಲೆ ಮೂರು ಮನೆ "ಈಗತಾನೇ ಬೇರೆಯವರಿಗೆ ಆಗೋಯ್ತು". ನಿನ್ನನ್ನು ಬ್ಯಾಚುಲರ್ ಲೆಕ್ಕಕ್ಕೆ ಹಾಕುತ್ತಾರೆ, ನೋಡುತ್ತಿರು. ಮಗನನ್ನು ಜೊತೆಗೇ ಕರೆದುಕೊಂಡು ಹೋಗು. ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಅನ್ನುವುದು ಅಲ್ಲಿನ ಹಳೇ ವಾಡಿಕೆ. ಎರಡು ತಿಂಗಳಿಗಿಂತ ಜಾಸ್ತಿ ಬೇಡ ಅಂತ ಕೇಂದ್ರದವರು 2021ರಲ್ಲಿ ಒಂದು ಮಾದರಿ ಬಾಡಿಗೆ ಕಾಯ್ದೆ ಮಾಡಿದ್ದಾರೆ, ಆದರೆ ಅದು ಬರೀ ಮಾದರಿ, ಅದನ್ನು ತೋರಿಸಿದರೆ ಓನರು ನಗುತ್ತಾರೆ. ಚೌಕಾಸಿ ಮಾಡಿದರೆ ಐದಾರಕ್ಕೆ ಇಳಿಯುತ್ತಾರೆ. ಬಿಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುವುದಂತೂ ಇದ್ದೇ ಇದೆ. ಅದನ್ನು ಹೋದ ದುಡ್ಡು ಅಂತಲೇ ಈಗಲೇ ಬರೆದುಕೋ.

ದೊಮ್ಮಲೂರು ಬೇಡ ಅನ್ನುವುದು ನನ್ನ ಅಭಿಪ್ರಾಯ. ಎಂ.ಜಿ. ರಸ್ತೆಯ ಆಫೀಸಿಗೆ ಹತ್ತಿರ, ನಿಜ. ಆದರೆ ನಿನ್ನ ಕಡೆಯವರಿಗೆ ದೂರ. ಕೆಂಗೇರಿ ಕಡೆ ಬಾ. ನೇರಳೆ ಮೆಟ್ರೋ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಇದೆ, ಕೆಂಗೇರಿಯಲ್ಲಿ ಹತ್ತಿದರೆ ಎಂ.ಜಿ. ರಸ್ತೆಗೆ ಎಲ್ಲೂ ರೈಲು ಬದಲಾಯಿಸಬೇಕಿಲ್ಲ. 2025ರ ಫೆಬ್ರವರಿಯಲ್ಲಿ ದರ ಏರಿಸಿದರು, ಆಗ ಅತಿ ಜಾಸ್ತಿ ಅಂದರೆ 90 ರೂಪಾಯಿ ಆಯಿತು. ಬೈದುಕೊಂಡೇ ಹೋಗುತ್ತೇವೆ. ನನ್ನ ಮನೆ ಕೆಂಗೇರಿ ಉಪನಗರದಲ್ಲಿ, ಬಾಡಿಗೆ 17,000. ಮೈಸೂರಿನ ರೈಲುಗಳಲ್ಲಿ ತುಂಬಾ ಅಲ್ಲೇ ನಿಲ್ಲುತ್ತವೆ.

ಊರ ಕಡೆಗೆ ಹತ್ತಿರ ಇರುವುದರ ಬೆಲೆ ಏನು ಅಂತ ಹೇಳುತ್ತೇನೆ ಕೇಳು. ಹೋದ ವರ್ಷ ಮಗಳಿಗೆ ಜ್ವರ, ನನಗೆ ರಜೆ ಇಲ್ಲ. ಬೆಳಿಗ್ಗೆ ಐದೂವರೆಗೆ ಫೋನು ಮಾಡಿದೆ. ಒಂಬತ್ತೂವರೆಗೆ ಅಮ್ಮ ಬಾಗಿಲಲ್ಲಿ. ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿ ಶಕ್ತಿ ಟಿಕೆಟ್‌ನಲ್ಲಿ ಕಾಸಿಲ್ಲದೆ ಬಂದಿದ್ದಳು, ಕೈಯಲ್ಲಿ ಉಪ್ಸಾರಿನ ಡಬ್ಬಿ. ಮನೆ ದೊಮ್ಮಲೂರಲ್ಲಿದ್ದಿದ್ದರೆ ಆ ಟ್ರಾಫಿಕ್ ದಾಟಿ ಅವಳು ಬರುವ ಹೊತ್ತಿಗೆ ಮಧ್ಯಾಹ್ನ ಆಗುತ್ತಿತ್ತು. ನಿನ್ನ ಅಕ್ಕ ಶ್ರೀರಂಗಪಟ್ಟಣದಲ್ಲೇ ಇದ್ದಾಳಲ್ಲ, ಅವಳ ಹತ್ತಿರ ಈಗಲೇ ಮಾತಾಡು.

ಮೊದಲ ಆರು ತಿಂಗಳು ಮೈಸೂರಿನಿಂದಲೇ ಓಡಾಡುತ್ತೇನೆ ಅಂದೆಯಲ್ಲ, ಅದನ್ನು ತಲೆಯಿಂದ ತೆಗೆ. ಪಾಸ್ ಮಾಡಿಸಿಕೊಂಡು ಓಡಾಡುವವರು ಮಂಡ್ಯದಲ್ಲಿ ನಮ್ಮ ಬೀದಿಯಲ್ಲೇ ಇದ್ದಾರೆ. ಚಾಮುಂಡಿ ಎಕ್ಸ್‌ಪ್ರೆಸ್ ಬೆಳಿಗ್ಗೆ ಏಳರೊಳಗೆ ಮೈಸೂರು ಬಿಡುತ್ತದೆ, ಅದರಲ್ಲೇ ವಾಪಸು ಬಂದು ನೀನು ಮನೆ ಸೇರುವುದು ರಾತ್ರಿ ಒಂಬತ್ತು ದಾಟಿ. ಹೋಗುವಾಗಲೂ ಬರುವಾಗಲೂ ನಿನ್ನ ಮಗ ಮಲಗಿರುತ್ತಾನೆ. ಅವನಿಗೆ ನೀನು ಭಾನುವಾರದ ಅಪ್ಪ.

ನೀರಿನ ಕಥೆ ಒಂದಿದೆ, ಹೇಳದೆ ಇರಲಾರೆ. 2024ರ ಬೇಸಿಗೆಯಲ್ಲಿ ನಮ್ಮ ಬೀದಿಯ ಬೋರು ಬತ್ತಿ ಟ್ಯಾಂಕರಿಗೆ ಕ್ಯೂ. ಬೆಂಗಳೂರಿಗೆ ಕಾವೇರಿ ಹೋಗುವುದು ನಮ್ಮದೇ ಜಿಲ್ಲೆಯ ತೊರೆಕಾಡನಹಳ್ಳಿಯಿಂದ, ಅಮ್ಮನ ತವರು ಅದೇ ಮಳವಳ್ಳಿ ತಾಲ್ಲೂಕು. "ನಮ್ಮೂರ ನೀರು ನಿನ್ನ ಬೀದಿಗೆ ಬರಕ್ಕೆ ಇಷ್ಟೊಂದು ದುಡ್ಡಾ?" ಅಂತ ಅಮ್ಮ ಟ್ಯಾಂಕರಿನವನ ಹತ್ತಿರ ಜಗಳಕ್ಕೇ ನಿಂತಳು.

ಇಷ್ಟೆಲ್ಲ ಓದಿ ಬರಬೇಡ ಅಂದಳು ಅಂತ ತಿಳಿಯಬೇಡ. ಬಾ. ಇಲ್ಲಿ ಮಂಡ್ಯದಲ್ಲಿ ನಾನು ಯಾವ ಮದುವೆಗೆ ಹೋದರೂ ಎಲೆ ಮುಂದೆ ಕೂರುವಷ್ಟರಲ್ಲಿ ಒಬ್ಬರು ಕನಿಕರದಿಂದ ಕೈ ಹಿಡಿದುಕೊಳ್ಳುತ್ತಾರೆ. ಅಲ್ಲಿ ಮನೆ ಸಿಕ್ಕಿದ ಮೇಲೆ ಯಾರೂ ಏನೂ ಕೇಳಲಿಲ್ಲ. ಮಗಳ ಕ್ಲಾಸಿನಲ್ಲಿ ನಮ್ಮಂಥ ಮನೆಗಳು ಇನ್ನೂ ಎರಡಿವೆ. ಮೂವರೂ ಸೇರಿ ಈಗ ಒಂದು ಏರ್ಪಾಟು ಮಾಡಿಕೊಂಡಿದ್ದೇವೆ: ಒಬ್ಬೊಬ್ಬರು ಒಂದೊಂದು ದಿನ ಬೇಗ ಬರುವುದು, ಉಳಿದ ಎರಡು ದಿನ ಕೆಳಗಿನ ಮನೆ ಆಂಟಿಗೆ ಸಂಬಳ. ಡೇ ಕೇರ್ ಬಿಟ್ಟು ಒಂದು ವರ್ಷ ಆಯಿತು. ನಿನ್ನ ಮಗನೂ ಅಲ್ಲೇ ಕೂರಬಹುದು, ಒಂದು ದಿನ ನಿನ್ನ ಪಾಳಿ.

ನಾನು ಭಾನುವಾರ ಹೊರಡುತ್ತೇನೆ. ಮುಂದಿನ ಶನಿವಾರ ಮಗನನ್ನು ಕರೆದುಕೊಂಡು ಬಂದು ಕೆಂಗೇರಿಯಲ್ಲಿ ಇಳಿ. ನಮ್ಮ ಹಿಂದಿನ ಬೀದಿಯಲ್ಲಿ ಮೇಲಿನ ಮನೆ ಖಾಲಿಯಾಗುತ್ತಿದೆ. ಓನರ ತಾಯಿ ಕೆಳಗೇ ಇರುತ್ತಾರೆ, ತುಂಬಾ ಪ್ರಶ್ನೆ ಕೇಳುತ್ತಾರೆ. ಎಲ್ಲಕ್ಕೂ ಸಮಾಧಾನವಾಗಿ ಉತ್ತರ ಕೊಡು, ಅವರ ಮನೆಯಲ್ಲೂ ಗೊಂಬೆ ಕೂರಿಸುತ್ತಾರೆ. ಮಗನ ಶಾಲೆ ಬದಲಾಯಿಸಲು ಬೇಕಾದ ಟಿಸಿ, ಸ್ಯಾಟ್ಸ್ ನಂಬರಿನ ವಿಷಯ ಆಗ ಮಾತಾಡೋಣ. ಆ ಕರೆಂಟ್ ಬಿಲ್ಲನ್ನು ಎಸೆಯದೆ ತಾ.

ಅಮ್ಮ ಎದ್ದಳು. "ಆ ಹುಡ್ಗಂಗೆ ವಸಿ ನಿಪ್ಪಟ್ಟು ಕಟ್ಟಿರ್ತೀನಿ ಅಂತ ಬರಿ" ಅನ್ನುತ್ತಿದ್ದಾಳೆ.

ನಿನ್ನ ಗೆಳತಿ